ಪಕ್ಕದ ಅಂಗಡಿ

ವಯಸ್ಸಾದ ಟೈಲರ್‌ಗೆ ಮೂತ್ರಕೋಶದ ಕ್ಯಾನ್ಸರ್. ಆಪರೇಷನ್ ಡಾಕ್ಟರು ರಿಪೋರ್ಟುಗಳನ್ನೆಲ್ಲ ನೋಡಿ, ಕನ್ನಡಕ ತೆಗೆದಿಟ್ಟರು.

"ದೊಡ್ಡ ಆಪರೇಷನ್ನು, ರಕ್ತ ತುಂಬಾ ಹೋಗುತ್ತೆ. ಆಮೇಲೆ ಜೀವನಪೂರ್ತಿ ಹೊಟ್ಟೆ ಮೇಲೆ ಮೂತ್ರದ ಚೀಲ ಅಂಟಿಸ್ಕೊಂಡಿರಬೇಕು. ನಿಮಗೆ ಕೀಮೋ, ರೇಡಿಯೇಷನ್ನೇ ವಾಸಿ. ರೇಡಿಯೇಷನ್ ಡಾಕ್ಟರನ್ನ ನೋಡಿ."

ರೇಡಿಯೇಷನ್ ಡಾಕ್ಟರು ಅವೇ ರಿಪೋರ್ಟುಗಳನ್ನು ನೋಡಿದರು.

"ಇದ್ರಲ್ಲಿ ಮೂತ್ರಕೋಶ ಉಳಿಯುತ್ತೆ, ನಿಜ. ಆದ್ರೆ ಕೀಮೋ ಕಿಡ್ನಿಗೆ ಪೆಟ್ಟು ಕೊಡುತ್ತೆ, ಕಾಯಿಲೆ ಮತ್ತೆ ಅಲ್ಲೇ ಬರಬಹುದು. ನಿಮಗೆ ಆಪರೇಷನ್ನೇ ವಾಸಿ."

ಹೊರಗಿನ ಬೆಂಚಿನ ಮೇಲೆ ಟೈಲರ್ ಹೆಂಡತಿಯ ಪಕ್ಕ ಬಂದು ಕೂತ.

"ಎಂಥಾ ಒಳ್ಳೇ ಜನ ನೋಡೇ. ತಮ್ಮ ಕೆಲಸ ಬಿಟ್ಟು ಇನ್ನೊಬ್ಬರ ಕೆಲಸ ಹೊಗಳ್ತಾರೆ."

ಹೆಂಡತಿ ಎದುರಿನ ಗೋಡೆಯನ್ನು ನೋಡುತ್ತಿದ್ದಳು.

"ನೀವೂ ಗಿರಾಕಿಗಳನ್ನ ಪಕ್ಕದ ಅಂಗಡಿಗೆ ಕಳಿಸ್ತಿದ್ರಲ್ಲ."

"ಹೂಂ. ಅವನು ನನಗಿಂತ ಚೆನ್ನಾಗಿ ಹೊಲೀತಾನೆ, ಅಲ್ಲಿಗೇ ಹೋಗಿ ಅಂತಿದ್ದೆ."

"ಎಲ್ರನ್ನೂ ಕಳಿಸ್ತಿದ್ರಾ?"

"ಎಲ್ರನ್ನೂ ಯಾಕೆ ಕಳಿಸ್ಲಿ? ಸೂಜಿ ಹಾಕಿದ್ರೇ ಹರಿದುಹೋಗೋ ಅಂಥ ಬಟ್ಟೆ ತಂದೋರನ್ನ ಮಾತ್ರ."