ಇಪ್ಪತ್ತು ಎಣಿಸುವವರೆಗೆ

“ಈಗ ತಟ್ಟೆ ಮುಚ್ಚಿ ಇಪ್ಪತ್ತು ಎಣಿಸ್ಬೇಕು, ಅಲ್ವಾ ಅಕ್ಕಾ?” ಎಂದಳು, ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ ಹುಡುಗಿ.

ಬಾಣಲೆಯ ಮೇಲೆ ಕಿತ್ತಳೆ ಹೋಳು ಹಿಂಡುತ್ತಿದ್ದವಳ ಕೈ ನಿಂತಿತು. ಬೆಣ್ಣೆಯಲ್ಲಿ ಬಾಳೆಹಣ್ಣಿನ ಓರೆ ಬಿಲ್ಲೆಗಳು ಚುರುಗುಡುತ್ತಿದ್ದವು. ಸಕ್ಕರೆ ಹಾಕುವುದು ಮಗುಚಿದ ಮೇಲೆ, ಆಮೇಲೆ ಕಿತ್ತಳೆ ರಸ, ಆಮೇಲೆ ಮುಚ್ಚಳವಲ್ಲ, ತಟ್ಟೆ. ಇಪ್ಪತ್ತು ಎಣಿಸಿ ಒಲೆ ಆರಿಸಬೇಕು. ಮದುವೆಯಾದ ಮೊದಲ ಭಾನುವಾರ ಗಂಡ ಇದನ್ನು ಮಾಡಿಕೊಟ್ಟು ಹೇಳಿದ್ದ: “ಇದು ಲೋಕದಲ್ಲಿ ಇಬ್ಬರಿಗೇ ಗೊತ್ತು. ನನಗೆ, ಇವತ್ತಿಂದ ನಿನಗೆ.” ಅವನು ಹೋಗಿ ನಾಲ್ಕು ತಿಂಗಳಾಗಿತ್ತು. ಈಗ ಅದು ಅವಳೊಬ್ಬಳಿಗೇ ಗೊತ್ತಿರಬೇಕಿತ್ತು.

ಅವನು ಯಂತ್ರದಲ್ಲಿ ಗಾಜು ಉಜ್ಜುತ್ತಿದ್ದ ಕನ್ನಡಕದ ಅಂಗಡಿಯಲ್ಲಿ ಈ ಹುಡುಗಿ ಕಣ್ಣು ಪರೀಕ್ಷಿಸುವವಳು. ಅವನ ಡ್ರಾಯರ್ ಖಾಲಿ ಮಾಡಿ, ಸಣ್ಣ ಸ್ಕ್ರೂಡ್ರೈವರುಗಳನ್ನೂ ಹಿಡಿ ಮುರಿದ ಒಂದು ಕಪ್ಪನ್ನೂ ಚೀಲದಲ್ಲಿ ಹಾಕಿಕೊಂಡು ಬಂದಿದ್ದಳು. “ಬಂದವಳಿಗೆ ಬಾಯಿಗೆ ಏನಾದ್ರೂ ಮಾಡೇ. ಆ ಬಾಳೆಹಣ್ಣು ಹೇಗೂ ಕಪ್ಪಾಗ್ತಿವೆ,” ಎಂದಿದ್ದರು ಹೊರಗೆ ಕೂತಿದ್ದ ಅತ್ತೆ. ನಾಲ್ಕು ತಿಂಗಳ ಮೇಲೆ ಈ ಬಾಣಲೆ ಒಲೆ ಏರಿದ್ದು ಹಾಗೆ.

“ನಿನಗೆ ಹೇಗೆ ಗೊತ್ತು?”

“ನಮ್ಮ ಭೂತಗನ್ನಡಿ ಹೇಳ್ತಾನೇ...” ಹುಡುಗಿ ನಾಲಿಗೆ ಕಚ್ಚಿಕೊಂಡಳು. “ಸಾರಿ ಅಕ್ಕಾ. ಅಂಗಡೀಲಿ ಎಲ್ಲರೂ ಅವರನ್ನ ಹಾಗೇ ಕರೀತಿದ್ವಿ. ಯಾವ ಫ್ರೇಮ್ ಕೊಟ್ರೂ ಮೂಗಿಗೆ ತಾಗಿಸ್ಕೊಂಡೇ ನೋಡೋರಲ್ಲ! ನಿಮಗೆ ಹೇಳಿರ್ಲಿಲ್ವಾ?”

ಹೇಳಿರಲಿಲ್ಲ. ಅವಳು ಹುಡುಗಿಯನ್ನು ಆಗಷ್ಟೇ ಸರಿಯಾಗಿ ನೋಡಿದಳು. ಒಪ್ಪವಾಗಿ ಕತ್ತರಿಸಿದ ಉಗುರು. ಮಾತಾಡಿದರೆ ಕೆನ್ನೆಯಲ್ಲಿ ಗುಳಿ. ಇಷ್ಟು ದಿನ ಅಳುವೂ ಬಾರದೆ ಮರಗಟ್ಟಿದ್ದ ಎದೆಯಲ್ಲಿ ಏನೋ ಚುರಕ್ಕೆಂದಿತು. ಬದುಕಿರುವ ಗಂಡನಾದರೆ ಎದುರಿಗೆ ಕೂರಿಸಿಕೊಂಡು ಕೇಳಬಹುದು. ಗೋಡೆಯ ಮೇಲಿನ ಫೋಟೊವನ್ನು ಕೇಳಿದರೆ ಅದು ನಗುತ್ತಲೇ ಇರುತ್ತದೆ. ತಟ್ಟೆಯನ್ನು ಬಾಣಲೆಯ ಮೇಲೆ ಬೇಕಾದದ್ದಕ್ಕಿಂತ ಜೋರಾಗಿಯೇ ಮುಚ್ಚಿದಳು. ಮನಸ್ಸಿನಲ್ಲೇ ಎಣಿಸಿ ಒಲೆ ಆರಿಸಿದಳು.

“ಅಂಗಡೀಲಿ ನಿನಗೆ ಮಾಡ್ಕೊಡ್ತಿದ್ರಾ?”

“ಮಾಡ್ಕೊಡೋದಾ! ಹಿಂಸೆ ಕೊಡ್ತಿದ್ರು ಅನ್ನಿ,” ಹುಡುಗಿ ನಕ್ಕಳು. “ನಿಮ್ಮ ಮದುವೆ ಗೊತ್ತಾದ್ಮೇಲೆ ಶುರುವಾಗಿದ್ದು. ಹಾಸ್ಟೆಲಲ್ಲಿ ಯಾರೋ ಬಾಳೆಹಣ್ಣು ಹುರಿದು ಕೊಟ್ಟಿದ್ರು, ತುಂಬ ಇಷ್ಟ ಆಗಿತ್ತು ಅಂತ ನೀವು ಹೇಳಿದ್ರಂತೆ. ತಗೊಳ್ಳಿ, ಹಿಂದಿನ ರೂಮಲ್ಲಿ ಟೀ ಕಾಯಿಸೋ ಒಲೆ ಮೇಲೆ ದಿನಾ ಮಧ್ಯಾಹ್ನ ಅದೇ. ಒಂದಿನ ಮುದ್ದೆ, ಒಂದಿನ ಕರಕಲು. ಒಂದಿನ ಸಕ್ಕರೆ ಮೊದ್ಲೇ ಸುರಿದು ಎಲ್ಲಾ ಬಾಣಲೆಗೇ ಅಂಟ್ಕೊಂಡಿತ್ತು. ‘ಈ ದರಿದ್ರ ಹಣ್ಣಿಗೆ ನಾನೇನು ಮಾಡಿದ್ದೆ’ ಅಂತ ಬೈಕೊಂಡು ಬೈಕೊಂಡು ಕೆರೀತಿದ್ರು. ತಿನ್ನೋ ಕರ್ಮ ನಮ್ದು! ಕೈ ಸುಟ್ಕೊಂಡಿದ್ದೂ ಅವಾಗ್ಲೇ. ಐಸ್ ಇಟ್ಟಿದ್ದು ನಾನೇ.”

ಅವನ ಮಣಿಕಟ್ಟಿನ ಮೇಲೆ ಹುಣಸೆಬೀಜದಷ್ಟು ದೊಡ್ಡ ಕಲೆ. ಯಂತ್ರ ತಾಗಿದ್ದು ಎಂದಿದ್ದ. ನಿದ್ದೆ ಬರುವ ಮುಂಚೆ ಅವಳು ಅದರ ಮೇಲೆ ಹೆಬ್ಬೆರಳಿಟ್ಟುಕೊಂಡು ಮಲಗುತ್ತಿದ್ದಳು. ಹಾಸ್ಟೆಲಿನ ಮಾತು ಹೇಳಿದ್ದಂತೂ ಅವಳಿಗೆ ನೆನಪೇ ಇರಲಿಲ್ಲ.

“ಕೊನೆಗೊಂದಿನ ಸರಿಯಾಯ್ತು ನೋಡಿ,” ಹುಡುಗಿಯ ದನಿ ಇಳಿಯಿತು. “ಕಣ್ಣು ಮುಚ್ಕೊಂಡು ಒಬ್ಬರೇ ತಿಂದ್ರು. ನಮಗೊಂದು ತುಂಡೂ ಇಲ್ಲ. ‘ಪರೀಕ್ಷೆ ಮುಗೀತು, ಇನ್ನು ಇದು ಅವಳದ್ದು’ ಅಂದ್ಬಿಟ್ರು. ಸರಿಯಾಗಿ ಆಗಿದ್ದನ್ನ ನಾನು ಇವತ್ತೇ ತಿನ್ನೋದು ಅಕ್ಕಾ.”

ಸಮಾಧಾನವಾಗಬೇಕಿತ್ತು. ಸಂಶಯ ಹೋಯಿತು, ಉರಿ ಹೋಗಲಿಲ್ಲ. ಅವಳ ಪಾಲಿಗೆ ಬಂದದ್ದು ನಾಲ್ಕು ವರ್ಷದ ಭಾನುವಾರಗಳು, ಎಲ್ಲವೂ ಒಂದೇ ಹೊಂಬಣ್ಣ. ಅವನು ಅವಳೆದುರು ಒಂದು ಬಿಲ್ಲೆಯನ್ನೂ ಸೀಯಿಸಿದವನಲ್ಲ. ಬಾಣಲೆ ಕೆರೆಯುತ್ತ ಹಣ್ಣಿಗೆ ಬೈಯುವ ಆ ಪೆದ್ದನನ್ನು ಇವರೆಲ್ಲ ನೋಡಿದ್ದರು. ಅವಳು ನೋಡಿರಲಿಲ್ಲ.

ಬಾಣಲೆಯಲ್ಲಿದ್ದುದನ್ನೆಲ್ಲ ಎರಡು ತಟ್ಟೆಗೆ ಹಾಕಿದಳು. ಒಂದನ್ನು ಅತ್ತೆಗೆ ಕೊಟ್ಟು ಬಂದಳು, ಒಂದನ್ನು ಹುಡುಗಿಯ ಕೈಗಿತ್ತಳು. ಹುಡುಗಿ ಒಂದು ಬಿಲ್ಲೆ ಬಾಯಿಗಿಟ್ಟುಕೊಂಡು, “ಅಯ್ಯೋ, ಇದಕ್ಕಾ ಅಷ್ಟು ಗೋಳು ಹೊಯ್ಕೊಂಡಿದ್ದು!” ಎಂದು ಕಣ್ಣು ಒರೆಸಿಕೊಂಡಳು.

ಉಳಿದದ್ದು ಒಂದೇ ಹಣ್ಣು. ಅದನ್ನು ಹೆಚ್ಚಿ, ಬೆಣ್ಣೆ ಹಾಕಿ, ಮತ್ತೆ ಒಲೆ ಹಚ್ಚಿದಳು.

“ಕರಕಲು ಹೇಗಿರ್ತಿತ್ತು?”

“ಕಹಿ. ಆದ್ರೂ ತಿಂತಿದ್ವಿ. ಅವರ ಮುಖ ಹಾಗಿರ್ತಿತ್ತು.”

ಮಗುಚಿದಳು, ಸಕ್ಕರೆ ಉದುರಿಸಿದಳು, ಕಿತ್ತಳೆ ಹಿಂಡಿ ತಟ್ಟೆ ಮುಚ್ಚಿದಳು. ಈ ಸಲ ಬಾಯಿಬಿಟ್ಟೇ ಎಣಿಸತೊಡಗಿದಳು. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಹುಡುಗಿ ಅಭ್ಯಾಸಬಲದಿಂದ ಒಲೆಯ ಕಡೆ ಕೈ ಚಾಚಿದಳು. ಅವಳು ಆ ಕೈಯನ್ನು ಹಿಡಿದುಕೊಂಡಳು.

ತಟ್ಟೆಯ ಅಂಚಿನಿಂದ ಸಣ್ಣಗೆ ಹೊಗೆ ಎದ್ದಿತು. “ಏನೇ ಅದು, ಸೀದ ವಾಸನೆ!” ಎಂದು ಹೊರಗಿನಿಂದ ಅತ್ತೆ ಕೂಗಿದರು.

“ಮೂವತ್ತೊಂದು,” ಎಂದಳು ಅವಳು, “ಮೂವತ್ತೆರಡು.”