ಮೇಷ್ಟ್ರು ನೋಡಿದ್ದು

ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು. ಕೊರಳಿಗೆ ಸುತ್ತಿದ್ದ ಬಿಳಿ ಬಟ್ಟೆಯನ್ನೂ ಬಿಚ್ಚಲಿಲ್ಲ.

“ಎಲ್ಲರ ಎದುರಿಗೆ ಇದನ್ನ ತೋರಿಸ್ತೀಯೇನಪ್ಪಾ?” ಅಂದವರೇ ಬೀದಿಗಿಳಿದರು.

ಕ್ಷೌರಿಕ ತನ್ನ ಕೈಯಲ್ಲಿದ್ದ ಟ್ಯಾಬ್ಲೆಟ್ ಕಡೆ ನೋಡಿದ. ನಾಲಿಗೆ ಕಚ್ಚಿಕೊಂಡ. ಬೆಂಚಿನ ಮೇಲಿದ್ದವರು ಕತ್ತು ಉದ್ದ ಮಾಡುವಷ್ಟರಲ್ಲಿ ಅದನ್ನು ಟವೆಲ್ಲಿನಲ್ಲಿ ಸುತ್ತಿಟ್ಟ. ನೋಡಬಾರದ್ದೇನೋ ಇರಬೇಕು ಎಂದು ಅವರು ತಮ್ಮತಮ್ಮಲ್ಲೇ ಪಿಸುಗುಟ್ಟಿಕೊಂಡರು.

ಮೇಷ್ಟ್ರು ಮೂವತ್ತು ವರ್ಷದ ಗಿರಾಕಿ. ಅವರ ಮಕ್ಕಳು, ಮೊಮ್ಮಕ್ಕಳು, ಹಳೆಯ ಶಿಷ್ಯರು, ಎಲ್ಲರೂ ಬರುತ್ತಿದ್ದುದು ಅವರ ಮುಖ ನೋಡಿಕೊಂಡು. ಅವರು ಬಿಟ್ಟರೆ ಅಂಗಡಿಗೆ ಬೀಗವೇ ಗತಿ.

ಆ ವಸ್ತು ಬಂದು ವಾರವಾಗಿತ್ತು. ಹಳೆಯದು ಕೈಜಾರಿ ಒಡೆದುಹೋಯಿತು ಎಂದು ಕ್ಷೌರಿಕ ತನ್ನ ಮಗಳಿಗೆ ಹೇಳಿದ್ದ. ಅವಳು ಪಕ್ಕದ ಬೀದಿಯ ಅಂಗಡಿಯಿಂದ ಇದನ್ನು ಕಳಿಸಿಕೊಟ್ಟಿದ್ದಳು. ಹಿಡಿಸದಿದ್ದರೆ ಏಳು ದಿನದೊಳಗೆ ವಾಪಸು ಕೊಡಬಹುದಂತೆ. ಅಂದೇ ಏಳನೆಯ ದಿನ.

ಮಧ್ಯಾಹ್ನ ಊಟಕ್ಕೆ ಕುಳಿತು ಗಂಡಹೆಂಡತಿ ಅಳೆದು ಸುರಿದು ನೋಡಿದರು. ಹಗುರ, ಎಷ್ಟು ಹೊತ್ತು ಹಿಡಿದರೂ ಕೈ ನೋಯುವುದಿಲ್ಲ. ಎರಡು ಸಲ ಬಿದ್ದರೂ ಒಂದು ಗೆರೆ ಬಿದ್ದಿಲ್ಲ. ವಯಸ್ಸಾದ ಗಿರಾಕಿಗಳಿಗಂತೂ ಎಲ್ಲಿಲ್ಲದ ಖುಷಿ. ಹತ್ತು ವರ್ಷ ಚಿಕ್ಕವನಾದೆ ಎಂದು ಬೀಗಿಕೊಂಡು ಹೋದವರೂ ಇದ್ದರು. ಕಷ್ಟವೆಂದರೆ ಬೆರಳಿನ ಗುರುತು, ದಿನಕ್ಕೆ ಹತ್ತು ಸಲ ಒರೆಸಬೇಕು. ಸ್ವಲ್ಪ ಮಬ್ಬು ಬೇರೆ. ಈ ಬೆಳಗಿನ ರಾದ್ಧಾಂತವೂ ಹಾಗೇ ಆದದ್ದು: ಒರೆಸಿ, ಅಂಚನ್ನು ಬಿಗಿಯಾಗಿ ಹಿಡಿದು ಎತ್ತಿದ್ದನಷ್ಟೆ.

“ನಿಮಗೆ ಮೇಷ್ಟ್ರು ಬೇಕೋ, ಆ ಹಲಗೆ ಬೇಕೋ?” ಎಂದಳು ಹೆಂಡತಿ.

ಅನ್ನ ಅರ್ಧಕ್ಕೇ ಬಿಟ್ಟು ಎದ್ದ.

ಪಕ್ಕದ ಬೀದಿಯ ಅಂಗಡಿಯ ಹುಡುಗಿ ಟವೆಲ್ ಬಿಚ್ಚಿ ಟ್ಯಾಬ್ಲೆಟನ್ನು ತಿರುಗಿಸಿ ನೋಡಿದಳು. ಏನಾಗಿದೆ ಎಂದು ಕೇಳಿದಳು. ಕ್ಷೌರಿಕ ಆಚೆ ಈಚೆ ನೋಡಿದ, ಮೇಷ್ಟ್ರ ಮರ್ಯಾದೆಯ ಪ್ರಶ್ನೆ ಎಂದ. ಅವಳಿಗೆ ಅನುಮಾನ ಬಂತು. ಟ್ಯಾಬ್ಲೆಟನ್ನು ಸ್ವಲ್ಪ ದೂರ ಹಿಡಿದು ಅಂಚಿನ ಗುಂಡಿ ಒತ್ತಿದಳು.

ಪರದೆ ಬೆಳಗಿತು. ಕಪ್ಪು ಆಕಾಶ, ನಡುವೆ ನುಣ್ಣಗೆ ಹೊಳೆಯುವ ಹುಣ್ಣಿಮೆ ಚಂದ್ರ.

“ಸರಿಯಾಗೇ ಇದೆಯಲ್ಲ ತಾತ.”

“ಎಲ್ಲಿ ಸರಿ ಇದೆ ತಾಯಿ? ಕಟಿಂಗ್ ಮುಗಿದ ಮೇಲೆ ತಲೆ ಹಿಂದೆ ಹಿಡಿದು ತೋರಿಸಿದೆ. ಮೇಷ್ಟ್ರು ಮನೆಗೆ ಹೋಗಿ ಎಷ್ಟು ಹೊತ್ತಾಯ್ತು; ಅವರ ಬೋಳುತಲೆ ಮಾತ್ರ ಇನ್ನೂ ಕನ್ನಡಿಯೊಳಗೇ ಕೂತಿದೆ ನೋಡು.”