ಒಂದು ಕ್ವಾರ್ಟರ್‌ಗೆ ನಲವತ್ತು ರೊಟ್ಟಿ

ಮದ್ಯದ ಕನಿಷ್ಠ ಬೆಲೆಯನ್ನು ಕುಡಿಯುವವನ ಮನೆಯವರೇ ಗೊತ್ತುಮಾಡುವ ಕಾನೂನು ಬಂದು ವರ್ಷವಾಗಿತ್ತು. ಗದಗಿನ ಫಕೀರಪ್ಪನ ಕ್ವಾರ್ಟರ್‌ಗೆ ಹೆಂಡತಿ ನೀಲವ್ವ ನಲವತ್ತು ಜೋಳದ ರೊಟ್ಟಿ ಎಂದು ಬರೆಸಿದ್ದಳು. ಅವನೇ ಬಡಿಯಬೇಕು, ಹರಿದದ್ದನ್ನು ಮದ್ಯದಂಗಡಿಯ ಯಂತ್ರ ವಾಪಸ್ಸು ಉಗುಳುತ್ತಿತ್ತು. ಮೊದಮೊದಲು ನಡುಗುವ ಕೈಯಲ್ಲಿ ದಿನವೆಲ್ಲ ಬಡಿದರೂ ಹತ್ತು ದಾಟುತ್ತಿರಲಿಲ್ಲ.

ಇಂದು ಮಧ್ಯಾಹ್ನದೊಳಗೇ ನಲವತ್ತೂ ದುಂಡಗೆ ಉಬ್ಬಿದವು, ಒಂದೂ ಹರಿಯಲಿಲ್ಲ. ಬುಟ್ಟಿ ಹೊತ್ತು ಹೊರಟವನು ಬಾಗಿಲಲ್ಲೇ ನಿಂತ.

“ಯಾಕ, ಹೋಗಂಗಿಲ್ಲೇನ್ರಿ?” ನೀಲವ್ವ ಕೇಳಿದಳು.

“ಇಂಥಾ ರೊಟ್ಟಿ ಆ ಯಂತ್ರದ ಬಾಯಾಗ ಹಾಕಾಕ ಮನಸ್ಸು ಬರವಲ್ದು. ಹೆಂಗ ಪದರ ಬಿಟ್ಟಾವ ನೋಡು. ಬದನಿಕಾಯಿ ಎಣಗಾಯಿ ಮಾಡ್ತೀಯೇನು?”

ನೀಲವ್ವ ಒಲೆಯ ಪಕ್ಕದ ಪಾತ್ರೆಯ ಮುಚ್ಚಳ ತೆಗೆದಳು. ಒಂದು ವರ್ಷದಿಂದ ಅವಳು ದಿನಾ ಮುಂಜಾನೆ ಎಣಗಾಯಿ ಮಾಡಿಯೇ ಇಡುತ್ತಿದ್ದಳು.